ಹೊಂಗೆಯೋ, ನಿಂಬೆಯೋ? ಮನೆಯಂಗಳಕ್ಕೆ ಮರ ಆರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಒಂದು ಮರಕ್ಕೆ ಜಾಗ ಇದೆ. ನೆರಳಿಗೆ ಹೊಂಗೆ ಹಾಕಲೋ, ಕಾಯಿಗೆ ನಿಂಬೆ ಹಾಕಲೋ?

ಪಡುವಣ ಗೋಡೆಯ ಕಡೆ 15ರಿಂದ 20 ಅಡಿ ಖಾಲಿ ಜಾಗ ಇದ್ದರೆ ಯೋಚನೆ ಮಾಡದೆ ಹೊಂಗೆ ಹಾಕಿ. ನಿಂಬೆಹಣ್ಣು ಬೀದಿ ಕೊನೆಯ ಅಂಗಡಿಯಲ್ಲಿ ಸಿಗುತ್ತದೆ. ಏಪ್ರಿಲ್‌ನಲ್ಲಿ ರೇಟು ಕೇಳಿ ಹೊಟ್ಟೆ ಉರಿಯಬಹುದು, ಆದರೂ ಸಿಗುತ್ತದೆ. ಮಧ್ಯಾಹ್ನದ ನೆರಳು ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಷ್ಟು ಜಾಗ ಇಲ್ಲ, ಇರೋದು ಹಿತ್ತಲಲ್ಲಿ ಹತ್ತಡಿ ಅಗಲದ ತುಂಡು ಮಾತ್ರ ಅಂದರೆ ನಿಂಬೆ. ಅಂಥ ಕಡೆ ಹೊಂಗೆ ಹಾಕಿದರೆ ಐದನೇ ವರ್ಷದಿಂದ ಪ್ರತಿ ವರ್ಷ ಕೊಂಬೆ ಕಡಿಸುತ್ತಲೇ ಇರಬೇಕು. ಆಗ ನಿಮಗೆ ನೆರಳೂ ಇಲ್ಲ, ಮರಕ್ಕೆ ನೆಮ್ಮದಿಯೂ ಇಲ್ಲ.

ನಮ್ಮದು 30x40 ಸೈಟು. ಹೊಂಗೆ ಆಸೆ ಬಿಟ್ಟುಬಿಡಬೇಕಾ?

ಕಾಂಪೌಂಡಿನ ಒಳಗೆ ಅಂದರೆ ಹೌದು, ಬಿಟ್ಟುಬಿಡಿ. ಮನೆ ಕಟ್ಟಿದ ಮೇಲೆ ಸುತ್ತಲೂ ಉಳಿಯುವುದು ಮೂರು ಅಡಿ, ಹೆಚ್ಚೆಂದರೆ ಐದಡಿ. ಆದರೆ ಗೇಟಿನ ಹೊರಗೆ, ರಸ್ತೆ ಅಂಚಿನಲ್ಲಿ ಮಣ್ಣು ಕಾಣುವ ಜಾಗ ಇದ್ದರೆ ಅದು ಹೊಂಗೆಗೆ ಹೇಳಿ ಮಾಡಿಸಿದಂಥದ್ದು. ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಸಾಲು ಹೊಂಗೆ ಇರುವುದು ಹೀಗೇ ಅಲ್ವಾ? ಮನೆ ಮುಂದಿನ ಮರ ಬೀದಿಗೂ ನೆರಳು, ನಿಮ್ಮ ವರಾಂಡಕ್ಕೂ ನೆರಳು. ದನ, ಮೇಕೆಗಳು ಹೊಂಗೆ ಎಲೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಹಾಗಾಗಿ ಬೀದಿಯಲ್ಲೂ ಬದುಕಿಕೊಳ್ಳುತ್ತದೆ.

ತಲೆ ಎತ್ತಿ ಕರೆಂಟ್ ತಂತಿ ಎಲ್ಲಿದೆ ಅಂತ ನೋಡಿಕೊಂಡೇ ಗುಂಡಿ ತೆಗೆಯಿರಿ. ತಂತಿಯ ಕೆಳಗಿನ ಮರಕ್ಕೆ ವರ್ಷಕ್ಕೊಮ್ಮೆ ನಡುತಲೆ ಬೋಳಿಸುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಕೊಂಬೆ ಉಳಿದು ಮರ ವಾಲಿ ನಿಲ್ಲುತ್ತದೆ. ರಸ್ತೆಯ ಜಾಗ ನಗರಸಭೆಯದ್ದು, ಅವರ ತೋಟಗಾರಿಕೆ ವಿಭಾಗಕ್ಕೆ ಒಂದು ಮಾತು ತಿಳಿಸಿಯೇ ನೆಡಿ.

ಮನೆ ತಂಪಾಗಬೇಕು ಅಂದರೆ ಮರ ಯಾವ ದಿಕ್ಕಿಗಿರಬೇಕು?

ಪಶ್ಚಿಮಕ್ಕೆ. ಬೇರೆ ಮಾತಿಲ್ಲ.

ಕಾರಣ ನಮ್ಮ ಊರಿನ ಸೂರ್ಯ. ಬೇಸಿಗೆಯಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಹೊತ್ತಿಗೆ ನೆಟ್ಟ ಕೋಲಿನ ನೆರಳೇ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮರದ ನೆರಳು ಮರದ ಬುಡಕ್ಕಷ್ಟೇ ಬೀಳುತ್ತದೆ. ಮನೆಯ ತಾರಸಿಗೆ ಬೀಳುವ ಬಿಸಿಲನ್ನು ಪಕ್ಕದ ಮರ ತಡೆಯಲಾರದು. ನಿಜವಾದ ಕಾಟ ಶುರುವಾಗುವುದು 3 ಗಂಟೆಯ ಮೇಲೆ. ಬಿಸಿಲು ಓರೆಯಾಗಿ ಪಡುವಣ ಗೋಡೆಗೆ ಬಡಿಯುತ್ತದೆ, ಸಂಜೆ ಆರರವರೆಗೂ ಬಡಿಯುತ್ತಲೇ ಇರುತ್ತದೆ. ರಾತ್ರಿ ಹತ್ತಕ್ಕೆ ಆ ಗೋಡೆಗೆ ಕೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರುತ್ತದೆ. ಆ ಕಡೆ ಮಲಗುವ ಕೋಣೆ ಇದ್ದರೆ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಈಗ ಮರದ ಲೆಕ್ಕ. ಏಪ್ರಿಲ್‌ನಲ್ಲಿ ಸಂಜೆ 4ರ ಹೊತ್ತಿಗೆ 30 ಅಡಿ ಎತ್ತರದ ಮರದ ನೆರಳು ಮೂಡಣಕ್ಕೆ ಸುಮಾರು 40 ಅಡಿ ಚಾಚುತ್ತದೆ. ಅಂದರೆ ಗೋಡೆಯಿಂದ 20 ಅಡಿ ದೂರ ಇರುವ ಮರದ ನೆರಳೂ ಆಗ ನೆಲ ಅಂತಸ್ತಿನ ಗೋಡೆಯನ್ನು ಪೂರ್ತಿ ಮುಚ್ಚುತ್ತದೆ. ಮರವನ್ನು ಗೋಡೆಗೆ ಅಂಟಿಸಿ ನೆಡುವ ಅಗತ್ಯವೇ ಇಲ್ಲ. ಇದನ್ನು ಎಷ್ಟು ಹೇಳಿದರೂ ಜನ ನಾಲ್ಕಡಿಗೆ ಗುಂಡಿ ತೋಡಿ ಕೂತಿರುತ್ತಾರೆ!

ನಿಂಬೆ ಗಿಡ ಈ ಕೆಲಸ ಮಾಡಲಾರದು. ಹತ್ತು, ಹನ್ನೆರಡು ಅಡಿ ಎತ್ತರ, ನೆಲದಿಂದಲೇ ಪೊದೆ. ಅದರ ಕೆಳಗೆ ಕುರ್ಚಿ ಹಾಕಲೂ ಆಗದು, ಮುಳ್ಳು ಬೇರೆ.

ಎರಡನ್ನೂ ಹಾಕುವಷ್ಟು ಜಾಗ ಇದೆ. ಹೊಂಗೆ ಪಕ್ಕದಲ್ಲಿ ನಿಂಬೆ ಹಾಕಬಹುದಾ?

ಹಾಕಬಹುದು, ಆದರೆ ಹೊಂಗೆಯ ಬಡಗಣಕ್ಕೆ ಬೇಡ. ನಿಂಬೆಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಡಿಸೆಂಬರ್‌ನಲ್ಲಿ ಸೂರ್ಯ ತೆಂಕಣಕ್ಕೆ ಸರಿದಿರುತ್ತಾನೆ. ಬೆಂಗಳೂರಿನಲ್ಲಿ ಆಗ 30 ಅಡಿ ಮರದ ನೆರಳು ನಡುಮಧ್ಯಾಹ್ನವೂ ಬಡಗಣಕ್ಕೆ 22 ಅಡಿಯಷ್ಟು ಬೀಳುತ್ತದೆ, ಕಲಬುರಗಿಯಲ್ಲಿ ಇನ್ನೂ ಜಾಸ್ತಿ. ಜನವರಿ, ಫೆಬ್ರವರಿ ನಿಂಬೆ ಹೂ ಕಟ್ಟುವ ಕಾಲ. ಆಗ ನೆರಳಲ್ಲಿ ನಿಂತ ಗಿಡ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ.

ತೆಂಕಣ ಅಥವಾ ಮೂಡಣಕ್ಕೆ ಹಾಕಿ. ಜೂನ್‌ನಲ್ಲಿ ಸೂರ್ಯ ಸ್ವಲ್ಪ ಬಡಗಣಕ್ಕೆ ವಾಲಿದಾಗ ಅದೇ ಮರದ ಮಧ್ಯಾಹ್ನದ ನೆರಳು ತೆಂಕಣಕ್ಕೆ ಐದಾರು ಅಡಿ ಬೀಳುತ್ತದೆ, ಅಷ್ಟೇ. ಬುಡದಿಂದ ಬುಡಕ್ಕೆ 20 ಅಡಿ ಬಿಡಿ. ನೆರಳಿಗಷ್ಟೇ ಅಲ್ಲ, ಬೇರಿಗೂ ಅಷ್ಟು ದೂರ ಬೇಕು. ನಿಂಬೆಯ ಊಟದ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ದೊಡ್ಡ ಮರದ ಬೇರು ಅಲ್ಲಿಗೆ ಬಂದರೆ ನಿಂಬೆಗೆ ಉಳಿಯುವುದು ಚೂರುಪಾರು.

ಕೊಡಗಿನ ಕಾಫಿ ತೋಟದಲ್ಲಿ ಕಿತ್ತಳೆ ಮರದ ನೆರಳಲ್ಲೇ ಬೆಳೆಯುತ್ತಲ್ಲ? ನಿಂಬೆಗೇನು ಕಷ್ಟ?

ಒಳ್ಳೆ ಪ್ರಶ್ನೆ. ಕೊಡಗಿನ ಕಿತ್ತಳೆ ಕಾಫಿ ಜೊತೆಯ ಮಿಶ್ರ ಬೆಳೆಯಾಗಿಯೇ ಬಂದದ್ದು. ಸಿಲ್ವರ್ ಓಕ್, ಹಾಲುವಾಣ, ಕಾಡು ಮರಗಳ ನಡುವೆ ಅದೂ ಒಂದು. ಆದರೆ ಅಲ್ಲಿನ ನೆರಳು ಜರಡಿ ಹಿಡಿದ ನೆರಳು. ಮಳೆಗಾಲಕ್ಕೆ ಮೊದಲು ಕೊಂಬೆ ಸವರಿ ಬೆಳಕು ಬಿಡುತ್ತಾರೆ, ಕಿತ್ತಳೆಯ ತಲೆ ಕಾಫಿಗಿಂತ ಮೇಲಿರುತ್ತದೆ. ಕಿತ್ತಳೆ ಜಾತಿಯೂ ನಿಂಬೆಗಿಂತ ಹೆಚ್ಚು ನೆರಳು ತಾಳಿಕೊಳ್ಳುತ್ತದೆ. ಹೊಂಗೆಯದ್ದು ದಟ್ಟ ನೆರಳು, ಕೆಳಗೆ ಬಿಸಿಲಿನ ಚುಕ್ಕಿ ಬೀಳುವುದೂ ಕಡಿಮೆ.

ಹಾಗಂತ ಕೊಡಗಿನಲ್ಲೂ ಕಿತ್ತಳೆಯ ಕಥೆ ಸುಖದ್ದಲ್ಲ. ಎಲೆ ಹಳದಿಯಾಗಿ ಮರ ಸೊರಗುವ ಗ್ರೀನಿಂಗ್ ರೋಗ, ಬೇರು ಕೊಳೆ ಸೇರಿ ಹಳೇ ತೋಟಗಳನ್ನು ತುಂಬಾ ಹಾಳು ಮಾಡಿವೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಆ ತಳಿಯನ್ನು ಉಳಿಸಲು ಕೆಲಸ ಮಾಡುತ್ತಿದೆ. ಬಯಲುಸೀಮೆಯ ಮನೆಯಂಗಳಕ್ಕೆ ಕೊಡಗಿನ ಕಿತ್ತಳೆ ತಂದು ನೆಡುವವರಿಗೆ ನನ್ನ ಸಲಹೆ: ಬೇಡ. ಹಣ್ಣು ಬಂದರೂ ಆ ರುಚಿ ಬರುವುದಿಲ್ಲ.

ಯಾವುದು ಬೇಗ ಫಲ ಕೊಡುತ್ತದೆ?

ಹೆಚ್ಚುಕಮ್ಮಿ ಒಂದೇ. ನಾಲ್ಕೈದು ಅಡಿಯ ಹೊಂಗೆ ಸಸಿ ನೆಟ್ಟರೆ ನಾಲ್ಕೈದು ವರ್ಷಕ್ಕೆ ಕೆಳಗೆ ಸ್ಕೂಟರ್ ನಿಲ್ಲಿಸುವಷ್ಟು ನೆರಳು. ಗೂಟಿ (ಮರದ ಮೇಲೆಯೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿದ ಗಿಡ) ಅಥವಾ ಕಸಿ ನಿಂಬೆ ಎರಡು, ಮೂರನೇ ವರ್ಷಕ್ಕೆ ನಾಲ್ಕು ಕಾಯಿ ತೋರಿಸುತ್ತದೆ. ಬೀಜದ ಗಿಡ ನಾಲ್ಕೈದು ವರ್ಷ ತಗೊಳ್ಳುತ್ತದೆ. ವ್ಯತ್ಯಾಸ ಆಮೇಲಿನದ್ದು. ನಿಂಬೆ ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಕಾಯಿ ಕೊಟ್ಟು ಸೋಲುತ್ತದೆ. ಹೊಂಗೆ ನಿಮ್ಮ ಮೊಮ್ಮಕ್ಕಳಿಗೂ ಇರುತ್ತದೆ.

ಬೀಜದಿಂದ ಬೆಳೆಸಿದ ನಿಂಬೆ ತಾಯಿ ಗಿಡದ ಥರ ಬರುವುದಿಲ್ಲವಂತೆ, ನಿಜವೇ?

ಮಾವಿನ ಮಾತನ್ನು ನಿಂಬೆಗೆ ಹಚ್ಚುತ್ತಾರೆ. ಕಾಗ್ಜಿ ನಿಂಬೆಯ, ಅಂದರೆ ನಾವು ದಿನವೂ ಬಳಸುವ ತೆಳು ಸಿಪ್ಪೆಯ ನಿಂಬೆಯ, ಒಂದು ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುತ್ತವೆ. ಅದರಲ್ಲಿ ಹೆಚ್ಚಿನವು ತಾಯಿ ಗಿಡದ ಪಡಿಯಚ್ಚು. ಒಂದೇ ಬೀಜದಿಂದ ಎರಡು ಮೊಳಕೆ ಬಂದದ್ದನ್ನು ನೀವೂ ನೋಡಿರಬಹುದು. ಹಾಗಾಗಿ ಬೀಜದ ಸಸಿ ಧೈರ್ಯವಾಗಿ ಹಾಕಬಹುದು. ಕಾಯಬೇಕು, ಮುಳ್ಳು ಜಾಸ್ತಿ, ಇಷ್ಟೇ ತೊಂದರೆ. ಬೀಜ ಒಣಗಿಸಿ ಇಡಬೇಡಿ. ಹಣ್ಣಿನಿಂದ ತೆಗೆದು ತೊಳೆದು ಆವತ್ತೇ ಮಣ್ಣಿಗೆ ಹಾಕಿ.

ಕಸಿ ಗಿಡ ತರುವವರು ಬುಡದ ಕಡೆ ಕಣ್ಣಿಡಿ. ಕಸಿ ಕಟ್ಟಿದ ಗಂಟಿನ ಕೆಳಗಿಂದ ಬರುವ ಚಿಗುರು ಕಸಿಗೆ ಆಧಾರವಾಗಿ ಬಳಸಿದ ಬೇರುಗಿಡದ್ದು, ಕಂಡ ತಕ್ಷಣ ಕಿತ್ತುಹಾಕಿ. ಬಿಟ್ಟರೆ ಅದೇ ಮೇಲೆದ್ದು ನಿಮ್ಮ ಕಸಿಯನ್ನು ನುಂಗುತ್ತದೆ. ಸಸಿ ತೋಟಗಾರಿಕೆ ಇಲಾಖೆಯ ಫಾರಂಗಳಲ್ಲಿ ತಗೊಳ್ಳಿ. ಹೊಂಗೆಗೆ ಅರಣ್ಯ ಇಲಾಖೆಯ ನರ್ಸರಿ, ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ನೀರು ಯಾವುದಕ್ಕೆ ಜಾಸ್ತಿ ಬೇಕು?

ನಿಂಬೆಗೆ. ಹೊಂಗೆಗೆ ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಬಿಂದಿಗೆ ಸುರಿದರೆ ಸಾಕು, ಆಮೇಲೆ ತನ್ನ ಪಾಡಿಗೆ ತಾನು. ನಿಂಬೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಪಾತಿ ಮಾಡುವಾಗ ಕಾಂಡದ ಸುತ್ತ ಒಂದಡಿ ಅಗಲಕ್ಕೆ ಮಣ್ಣು ಏರಿಸಿ, ಅದರ ಆಚೆಗೆ ಉಂಗುರದ ಥರ ನೀರು ನಿಲ್ಲಿಸಿ. ಕಾಂಡಕ್ಕೆ ದಿನವೂ ನೀರು ತಾಗಿದರೆ ತೊಗಟೆ ಬಿರಿದು ಅಂಟು ಸೋರಲು ಶುರುವಾಗುತ್ತದೆ. ಕಂದು ಬಣ್ಣದ ಗೋಂದಿನ ಹನಿ ಕಂಡರೆ ಶಿಲೀಂಧ್ರ ಸೇರಿದೆ ಅಂತಲೇ ಲೆಕ್ಕ. ಆ ಭಾಗವನ್ನು ಚಾಕುವಿನಿಂದ ಕೆರೆದು ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಬಳಿಯಿರಿ. ಪಾತ್ರೆ ತೊಳೆದ ಸೋಪಿನ ನೀರನ್ನು ಪೈಪ್ ಹಾಕಿ ನಿಂಬೆ ಬುಡಕ್ಕೆ ಬಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅದೇ ನೀರು ಬಾಳೆಗೆ ಬಿಡಿ, ಬಾಳೆ ಖುಷಿಯಾಗಿ ಕುಡಿಯುತ್ತದೆ.

ಹೊಂಗೆ ಬೇರು ಪಾಯ ಒಡೆಯುತ್ತಾ?

15 ಅಡಿ ದೂರ ಇದ್ದರೆ ಚಿಂತೆ ಬೇಡ. ಅರಳಿ, ಗೋಣಿ, ಆಲದಂಥ ಮರಗಳಿಗೆ ಇರುವ ಕೆಟ್ಟ ಹೆಸರು ಹೊಂಗೆಗೂ ಅಂಟಿದೆ. ಒಡೆದು ಸೋರುವ ಚರಂಡಿ ಪೈಪ್ ಇದ್ದರೆ ಯಾವ ಮರದ ಬೇರಾದರೂ ಅದರೊಳಗೆ ನುಗ್ಗುತ್ತದೆ. ಮೊದಲು ಪೈಪ್ ರಿಪೇರಿ ಮಾಡಿಸಿ.

ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಇದೆ, ಮಾರನೇ ದಿನ ಎಲೆಯೇ ಇಲ್ಲ!

ಅದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಮರಿಹುಳು. ಹತ್ತಿರ ಹೋಗಿ ನೋಡಿ. ಕಪ್ಪು ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ಒದ್ದೆ ಹೊಳಪು. ಹಕ್ಕಿಗೆ ತನ್ನ ಹಿಕ್ಕೆಯೇ ಅನ್ನಿಸಿ ಬಿಟ್ಟುಹೋಗಲಿ ಅಂತ ಈ ವೇಷ. ದೊಡ್ಡದಾದ ಮೇಲೆ ವೇಷ ಬದಲು, ಎಲೆಯದ್ದೇ ಹಸಿರು. ಕಡ್ಡಿಯಿಂದ ಮೆಲ್ಲಗೆ ತಲೆಯ ಹಿಂದೆ ಮುಟ್ಟಿದರೆ ಎರಡು ಕೆಂಪು ಕೊಂಬು ಹೊರಗೆ ಚಿಮ್ಮುತ್ತವೆ, ಜೊತೆಗೆ ಕೊಳೆತ ಕಿತ್ತಳೆ ಸಿಪ್ಪೆಯಂಥ ವಾಸನೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಆಟವಿಲ್ಲ.

ದೊಡ್ಡ ಗಿಡಕ್ಕೆ ಏನೂ ಆಗುವುದಿಲ್ಲ, ನಾನಾದರೆ ಬಿಟ್ಟುಬಿಡುತ್ತೇನೆ. ಮೊದಲ ಎರಡು ವರ್ಷದ ಎಳೇ ಗಿಡಕ್ಕೆ ಮಾತ್ರ ಕಷ್ಟ, ನಾಲ್ಕು ಹುಳು ಸೇರಿದರೆ ಬೋಳಾಗಿಸುತ್ತವೆ. ಕೈಯಲ್ಲೇ ಆರಿಸಿ ತೆಗೆಯಿರಿ. ಪಕ್ಕದಲ್ಲಿ ದೊಡ್ಡ ಕರಿಬೇವು ಇದ್ದರೆ ಅದರ ಮೇಲೆ ಬಿಡಿ. ನಿಂಬೆ, ಕರಿಬೇವು, ಬಿಲ್ವ ಮೂರೂ ಒಂದೇ ಕುಟುಂಬ, ಈ ಹುಳುವಿಗೆ ಎಲ್ಲ ಮನೆಯ ಊಟವೂ ಸರಿ.

ಎಲೆಯ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ ಇದ್ದರೆ ಅದು ಬೇರೆ, ಎಲೆಯ ಒಳಗೇ ಸುರಂಗ ಕೊರೆಯುವ ಹುಳು. ಹೊಸ ಚಿಗುರು ಬಂದಾಗ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಕಾಯಿ, ಎಲೆ ಎಲ್ಲಾ ಕಜ್ಜಿ ಕಜ್ಜಿ ಆಗಿದೆ. ತಿನ್ನಬಹುದಾ?

ತಿನ್ನಬಹುದು. ಕಜ್ಜಿ ಸಿಪ್ಪೆಗೆ ಮಾತ್ರ, ರಸಕ್ಕೇನೂ ಆಗಿರುವುದಿಲ್ಲ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಉಬ್ಬಿದ ಕಂದು ಚುಕ್ಕೆ, ಎಲೆಯಲ್ಲಾದರೆ ಸುತ್ತ ಹಳದಿ ಬಳೆ. ನಮ್ಮ ಕಾಗ್ಜಿ ನಿಂಬೆಗೆ ಇದು ಬಹಳ ಬೇಗ ತಗಲುತ್ತದೆ, ಮಳೆ ಗಾಳಿಯಲ್ಲಿ ಹರಡುತ್ತದೆ. ಮಳೆಗಾಲಕ್ಕೆ ಮೊದಲು ಕಜ್ಜಿ ಹಿಡಿದ ರೆಂಬೆಗಳನ್ನು ಕತ್ತರಿಸಿ ಸುಟ್ಟುಬಿಡಿ. ಆಮೇಲೆ ಶೇಕಡಾ 1ರ ಬೋರ್ಡೋ ದ್ರಾವಣ: ಹತ್ತು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಕಬ್ಬಿಣದ ಪಾತ್ರೆ ಬೇಡ. ಮಾಡಿದ ದಿನವೇ ಸಿಂಪಡಿಸಿ, ಉಳಿಸಿಕೊಳ್ಳಬೇಡಿ.

ಹೊಂಗೆ ಎಲೆ ಮೇಲೂ ಗಂಟು ಗಂಟು ಇದೆಯಲ್ಲ?

ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ. ಮರಕ್ಕೆ ಕೇಡಿಲ್ಲ, ಔಷಧಿ ಬೇಡ.

ಹೊಂಗೆ ಎಷ್ಟು ಕಸ ಹಾಕುತ್ತದೆ?

ಹಾಕುತ್ತದೆ, ಸುಳ್ಳು ಯಾಕೆ ಹೇಳಲಿ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಲು ಶುರು. ಕೆಲವೇ ದಿನ ಬೋಳಾಗಿ, ಯುಗಾದಿ ಹೊತ್ತಿಗೆ ಎಳೆ ಹಸಿರಿನ ಹೊಳೆಯುವ ಚಿಗುರು ತುಂಬಿಕೊಳ್ಳುತ್ತದೆ. ಹಿಂದೆಯೇ ಹೂವು. ತಿಳಿ ನೇರಳೆ, ಬಿಳಿ ಹೂ ಅರಳಿನಂತೆ ನೆಲದ ತುಂಬಾ ಚೆಲ್ಲುತ್ತದೆ, ಕೆಳಗೆ ನಿಲ್ಲಿಸಿದ ಕಾರಿನ ವೈಪರ್ ಸಂದಿಯಲ್ಲೂ ಸೇರಿಕೊಳ್ಳುತ್ತದೆ. ಮರದ ತುಂಬಾ ಜೇನು ಗುಂಯ್ ಅನ್ನುತ್ತಿರುತ್ತದೆ. ಆಮೇಲೆ ಕಾಯಿ.

ಆದರೆ ಸಮಯ ಗಮನಿಸಿ. ಸೆಕೆ ಏರುವ ಏಪ್ರಿಲ್, ಮೇ ತಿಂಗಳಲ್ಲಿ ಹೊಂಗೆ ಪೂರ್ತಿ ಎಲೆ ತುಂಬಿಕೊಂಡು ನಿಂತಿರುತ್ತದೆ. ನಮಗೆ ಬೇಕಾದಾಗಲೇ ನೆರಳು. ಬಿದ್ದ ಎಲೆಗೆ ಬೆಂಕಿ ಹಾಕಬೇಡಿ. ಹಿಂದೆ ಗದ್ದೆಗೆ ಹೊಂಗೆ ಸೊಪ್ಪು ಹೊತ್ತು ತಂದು ತುಳಿಯುತ್ತಿದ್ದರು. ಹೊಂಗೆ ದ್ವಿದಳ ಜಾತಿಯ ಮರ, ಸೊಪ್ಪಿನಲ್ಲಿ ಸಾರಜನಕ ಚೆನ್ನಾಗಿರುತ್ತದೆ. ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಆಗಾಗ ನೀರು ಚಿಮುಕಿಸಿದರೆ ಮುಂದಿನ ಮಳೆಗಾಲಕ್ಕೆ ಗೊಬ್ಬರ ತಯಾರು. ಅದನ್ನು ನಿಂಬೆಗೆ ಹಾಕಿ.

ನಿಂಬೆಗೆ ಹೊಂಗೆ ಹಿಂಡಿ ಹಾಕಬಹುದಾ?

ಹಾಕಲೇಬೇಕು ಅನ್ನುತ್ತೇನೆ. ಎಣ್ಣೆ ತೆಗೆದ ಹೊಂಗೆ ಬೀಜದ ಹಿಂಡಿ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ಫಲ ಕೊಡುವ ಗಿಡಕ್ಕೆ ಮಳೆಗಾಲದ ಶುರುವಿನಲ್ಲಿ ಒಂದೆರಡು ಕಿಲೋ ಹಿಂಡಿ, ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ. ಬುಡಕ್ಕಲ್ಲ, ಕೊಂಬೆಯ ತುದಿಯ ನೇರಕ್ಕೆ ಸುತ್ತಲೂ ಹರಡಿ, ಮೇಲೆ ಕೈಯಾಡಿಸಿ ಸಾಕು. ಗುದ್ದಲಿ ಹಾಕಿ ಆಳಕ್ಕೆ ಅಗೆದರೆ ಬೇರು ಕಡಿದುಹೋಗುತ್ತದೆ. ಹಿಂಡಿ ವಿಷ, ದನ ನಾಯಿ ತಿನ್ನದ ಹಾಗೆ ಮಣ್ಣು ಮುಚ್ಚಿ.

ಗೊಬ್ಬರ ಹಾಕಿಯೂ ಎಲೆಯ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಸತು, ಕಬ್ಬಿಣದಂಥ ಲಘು ಪೋಷಕಾಂಶದ ಕೊರತೆ. ಬೋರ್‌ವೆಲ್‌ನ ಗಡಸು ನೀರು ಕುಡಿಯುವ ಗಿಡಗಳಲ್ಲಿ ಇದು ಮಾಮೂಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಸಿಟ್ರಸ್ ಸ್ಪೆಷಲ್’ ಪುಡಿ ತಂದು ಎಲೆಗೆ ಸಿಂಪಡಿಸಿ.

ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ. ಏನು ಮಾಡಲಿ?

ಹೂವಿನಲ್ಲಿ ಬಹುಪಾಲು ಉದುರುವುದು ಸಹಜ. ಎಲ್ಲವೂ ಉದುರಿದರೆ ನೀರಿನ ಏರುಪೇರು ನೋಡಿ. ಒಣಗಿಸಿ ಒಣಗಿಸಿ ಒಮ್ಮೆಲೆ ಹೊಡೆದರೆ ಹೀಚು ಉದುರುತ್ತದೆ, ದೊಡ್ಡ ಕಾಯಿ ಬಿರಿಯುತ್ತದೆ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ಅದಕ್ಕೇ ಫೆಬ್ರವರಿಯ ಹೂವು ಮಳೆಗಾಲದಲ್ಲಿ ಹಣ್ಣಾಗಿ, ರೇಟು ಬಿದ್ದಾಗಲೇ ಎಲ್ಲರ ಮನೆಯಲ್ಲೂ ನಿಂಬೆ ರಾಶಿ. ಬೇಸಿಗೆಯ ಪಾನಕಕ್ಕೆ ಬೇಕು ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುವ ಹೂವನ್ನು ಕಾಪಾಡಿಕೊಳ್ಳಿ.

ಹೊಂಗೆ ಬಿಟ್ಟು ನೆರಳಿಗೆ ಬೇರೆ ಯಾವುದು?

ರಾಯಚೂರು, ಕಲಬುರಗಿ, ವಿಜಯಪುರದ ಕಡೆ ಬೇವು, ಅಲ್ಲಿನ ಬಿಸಿಲಿಗೆ ಅದೇ ಗಟ್ಟಿ. ತುಂಬಾ ಬೇಗ ನೆರಳು ಬೇಕು ಅನ್ನುವವರಿಗೆ ಗಸಗಸೆ ಹಣ್ಣಿನ ಮರ, ಎರಡು ಮೂರು ವರ್ಷಕ್ಕೇ ಕೊಡೆ ಬಿಚ್ಚುತ್ತದೆ. ಮಕ್ಕಳು, ಅಳಿಲು, ರಾತ್ರಿ ಬಾವಲಿ ಎಲ್ಲರೂ ಬರುತ್ತಾರೆ. ಗುಲ್ಮೊಹರ್ ಚಂದ, ಆದರೆ ಮುಂಗಾರು ಪೂರ್ವ ಮಳೆ ಗಾಳಿಗೆ ಕೊಂಬೆ ಮುರಿದು ಬೀಳುವುದರಲ್ಲಿ ಮುಂದು. ಮನೆ ಪಕ್ಕ ಬೇಡ. ಮಳೆಮರ ಮೈದಾನಕ್ಕೆ ಸರಿ, ಸೈಟಿಗಲ್ಲ. ನೆರಳು, ಹಣ್ಣು ಎರಡೂ ಒಂದೇ ಮರದಲ್ಲಿ ಬೇಕಾದರೆ ಮಾವು ಅಥವಾ ಹಲಸು. ನೇರಳೆಯೂ ಆಗುತ್ತದೆ, ಕೆಳಗೆ ಬಿಳಿ ಕಾರು ನಿಲ್ಲಿಸದಿದ್ದರೆ.

ನಿಂಬೆ ಬಿಟ್ಟು ಹುಳಿ ಜಾತಿಯಲ್ಲಿ ಬೇರೆ?

ಚಿತ್ರಾನ್ನ, ಗೊಜ್ಜಿನ ಮನೆಯಾದರೆ ಹೇರಳೆ. ಉಪ್ಪಿನಕಾಯಿಗೆ ಗಜನಿಂಬೆ. ಜಾಗ ಧಾರಾಳ ಇದ್ದರೆ ಚಕ್ಕೋತ, ದೇವನಹಳ್ಳಿಯ ಚಕ್ಕೋತಕ್ಕೆ ಜಿಐ ಟ್ಯಾಗೇ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಇದೆ. ಅದು ಸುಮಾರಾದ ಮರವಾಗುತ್ತದೆ, ಕೆಳಗೆ ಒಂದಷ್ಟು ನೆರಳೂ ಸಿಗುತ್ತದೆ. ದಿನಬಳಕೆಗೆ ಮಾತ್ರ ಕಾಗ್ಜಿ ನಿಂಬೆಯೇ. ಇಂಡಿ ಕಡೆಯ ಲಿಂಬೆ ಸಿಕ್ಕರೆ ಬಿಡಬೇಡಿ, ಅದಕ್ಕೂ ಜಿಐ ಇದೆ. ರಸ ತುಂಬಿಕೊಂಡಿರುತ್ತದೆ.

ಮುಳ್ಳಿನ ಗಿಡ ಮನೆ ಮುಂದೆ ಇರಬಾರದಂತೆ?

ಗಾಡಿ ಚಕ್ರಕ್ಕೆ ನಿಂಬೆ, ದೇವಿಗೆ ನಿಂಬೆಹಣ್ಣಿನ ಹಾರ, ಗಿಡ ಮಾತ್ರ ಅಶುಭ! ಶಾಸ್ತ್ರದ ಮಾತು ನಿಮಗೆ ಬಿಟ್ಟದ್ದು. ನನ್ನ ಕಾರಣ ಬೇರೆ. ಗೇಟಿನ ಬಳಿ ಇದ್ದರೆ ಮಕ್ಕಳ ಕೈ, ಸೀರೆ ಸೆರಗು, ಕೊರಿಯರ್ ಹುಡುಗನ ಅಂಗಿ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಹಿತ್ತಲಿಗೆ ಹಾಕಿ.

ಮುಂದೆ ಮರ ಕಡಿಸಬೇಕಾಗಿ ಬಂದರೆ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಗರಗಸ ತರಿಸುವ ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಕೇಳಿ. ನೆಡುವಾಗ ಅಳತೆ ಹಿಡಿದು ನೆಟ್ಟವರಿಗೆ ಈ ಓಡಾಟ ಬರುವುದು ಕಡಿಮೆ.

ನಮ್ಮದು ಅಪಾರ್ಟ್‌ಮೆಂಟು. ಕುಂಡದಲ್ಲಿ ಆಗುತ್ತಾ?

ಹೊಂಗೆ ಆಗುವುದಿಲ್ಲ. ನಿಂಬೆ ಆಗುತ್ತದೆ, ಬಾಲ್ಕನಿಗೆ ಬಿಸಿಲು ಇದ್ದರೆ. ಗೂಟಿ ಗಿಡ ತಂದು 20 ಇಂಚಿನ ಕುಂಡ ಅಥವಾ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಹಾಕಿ. ತಳದಲ್ಲಿ ನಾಲ್ಕೈದು ತೂತು ಇರಲಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಕೆಂಪು ಮಣ್ಣು, ಗೊಬ್ಬರ, ಸ್ವಲ್ಪ ಮರಳು. ಬೆರಳು ಒಂದು ಗೆಣ್ಣು ಒಳಗೆ ಹಾಕಿದಾಗ ಒಣಗಿದೆ ಅನ್ನಿಸಿದರೆ ಮಾತ್ರ ನೀರು. ಎರಡು ಮೂರು ವರ್ಷಕ್ಕೊಮ್ಮೆ ಹೊರಗೆ ತೆಗೆದು, ಸುತ್ತಿಕೊಂಡ ಬೇರು ಸವರಿ, ಹೊಸ ಮಣ್ಣು ತುಂಬಿಸಿ. ಆ ಕೆಲಸ ಜೂನ್‌ನಲ್ಲಿ, ಮೋಡ ಇರುವ ದಿನ ಮಾಡಿ, ಗಿಡ ಬೇಗ ಚೇತರಿಸಿಕೊಳ್ಳುತ್ತದೆ.